ಉಡುಗೊರೆ ಎಂದು ಬರೆದವಳು ನಾನು

ಫೋನಿನ ಆಟಗಳಲ್ಲಿ ದುಡ್ಡು ಕೊಟ್ಟು ತೆರೆಯುವ ಪೆಟ್ಟಿಗೆಗೆ ಆಟದವರ ಇಂಗ್ಲಿಷಿನಲ್ಲಿ ‘ಲೂಟ್ ಬಾಕ್ಸ್’ ಎಂದು ಹೆಸರು. ಮೊದಲ ಸಲ ಆ ಪದ ಕಂಡಾಗ ಒಬ್ಬಳೇ ನಕ್ಕಿದ್ದೆ. ಇಷ್ಟು ಪ್ರಾಮಾಣಿಕ ಕಳ್ಳರನ್ನು ನಾನು ನೋಡಿರಲಿಲ್ಲ. ಅವರಲ್ಲಿ ಲೂಟ್ ಎಂದರೆ ಆಡುವವರಿಗೆ ಸಿಗುವ ಮಾಲು. ನಮ್ಮಲ್ಲಿ ಲೂಟಿ ಎಂದರೆ ಏನೆಂದು ಲೂಟಿಯಾದವರನ್ನೇ ಕೇಳಬೇಕು.

ನಾನು ಬೆಳಗಾವಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡು ಅನುವಾದ ಮಾಡುತ್ತೇನೆ. ಔಷಧದ ಚೀಟಿ, ಮಿಕ್ಸರಿನ ಕೈಪಿಡಿ, ಬ್ಯಾಂಕಿನ ಸಂದೇಶ, ಏನು ಬಂದರೂ ಸರಿ. ಹೀಗಿರುವಾಗ ನನಗೆ ಕೆಲಸ ಕೊಡುವ ಏಜೆನ್ಸಿಗೆ ಕನ್ನಡಕ್ಕೆ ತರಲೆಂದು ಹೂದೋಟದ ಆಟವೊಂದು ಬಂತು. ಫೋನಿನಲ್ಲಿ ಆಡುವ ಪುಕ್ಕಟೆ ಆಟ. ಒಂದೇ ಬಣ್ಣದ ಮೂರು ಹೂ ಕೂಡಿಸಿದರೆ ತೋಟ ಬೆಳೆಯುತ್ತದೆ. ತೋಟಕ್ಕೆ ಕಾರಂಜಿ, ಜೋಕಾಲಿ, ನವಿಲು ಬೇಕೆಂದರೆ ಮಾತ್ರ ಪೆಟ್ಟಿಗೆ ತೆರೆಯಬೇಕು. ಮೊದಲ ಮೂರು ಪೆಟ್ಟಿಗೆಗೆ ದುಡ್ಡಿಲ್ಲ, ನಾಲ್ಕನೆಯದರಿಂದ ದುಡ್ಡು. ಒಳಗೇನಿದೆ ಎಂಬುದು ಕೊಟ್ಟ ಮೇಲೆಯೇ ಗೊತ್ತಾಗುವುದು. ನಾವೋ, ಸಂತೆಯಲ್ಲಿ ಒಂದು ಬದನೆಕಾಯಿಯನ್ನೂ ತಿರುಗಿಸಿ ನೋಡದೆ ಕೊಳ್ಳದ ಜನ.

ಕೆಲಸದ ಜೊತೆಗೆ ಒಂದು ಸೂಚನೆಯಿತ್ತು: ‘ಲೂಟಿ’ ಬೇಡ, ಮನೆಮಂದಿಯ ಬಾಯಲ್ಲಿರುವ ಆಪ್ತ ಪದ ಬೇಕು. ಪೆಟ್ಟಿಗೆ ತೆರೆಯಲು ಒತ್ತುವ ಗುಂಡಿಯ ಮೇಲೆ ಜಾಗ ಕಡಿಮೆ. ಅಕ್ಷರ ಹೆಚ್ಚಾದರೆ ನಾವು ಅನುವಾದ ತುಂಬುವ ಪಟ್ಟಿಯಲ್ಲಿ ಆ ಸಾಲು ಕೆಂಪಾಗುತ್ತದೆ. ‘ದುಡ್ಡು ಕೊಟ್ಟು ತೆರೆಯಿರಿ’ ಎಂದು ಹಾಕಿದೆ, ಕೆಂಪಾಯಿತು. ‘ಉಡುಗೊರೆ’ ಎಂದು ಹಾಕಿದೆ, ಅಚ್ಚುಕಟ್ಟಾಗಿ ಕೂತಿತು. ಏಜೆನ್ಸಿಯವರು ಫೋನು ಮಾಡಿ ಹೊಗಳಿದರು, ನಾನೂ ಉಬ್ಬಿದೆ. ಈಗ ನೆನೆದರೆ ಮೈಯೆಲ್ಲ ಉರಿಯುತ್ತದೆ.

ನನ್ನ ಅವ್ವ ಖಾನಾಪುರದಲ್ಲಿ ಅಣ್ಣನ ಮನೆಯಲ್ಲಿದ್ದು ಸೀರೆಗೆ ಫಾಲು ಹಚ್ಚುತ್ತಾಳೆ. ಗಿರಾಕಿಗಳು ಫೋನಿನಲ್ಲೇ ದುಡ್ಡು ಹಾಕುವುದರಿಂದ ಅವಳ ಫೋನಿನಲ್ಲಿ ಪಿನ್ನು ಗಿನ್ನು ಎಲ್ಲ ಇದೆ. ಇಂಗ್ಲಿಷ್ ಬಾರದು. ಇಂಗ್ಲಿಷಿನಲ್ಲಿ ಏನು ಬಂದರೂ ಮುಟ್ಟುತ್ತಿರಲಿಲ್ಲ. ಬಾರದಿರುವುದೇ ಅವಳ ಬಾಗಿಲಿಗೆ ಅಗಳಿಯಾಗಿತ್ತು. ಆಟ ಕನ್ನಡದಲ್ಲಿ ಬಂದ ಮೇಲೆ, ಮಗಳು ಬರೆದದ್ದೆಂಬ ಹೆಮ್ಮೆಯಿಂದ ಅದನ್ನು ಹಾಕಿಸಿಕೊಂಡಳು. ಅಗಳಿ ತೆಗೆದವಳು ನಾನೇ.

ಒಂದು ಭಾನುವಾರ ಹೋದಾಗ ತನ್ನ ತೋಟ ತೋರಿಸಿದಳು. ನವಿಲೇ ಏಳು. ಪುಕ್ಕಟೆ ಪೆಟ್ಟಿಗೆ ಮೂರೇ.

“ಅವ್ವಾ, ಇದಕ್ಕ ರೊಕ್ಕ ಹಾಕೀಯೇನ?”

“ಹೂಂ. ಹಾಕಬೇಕಲ್ಲ?”

“ಯಾಕ ಹಾಕಬೇಕ?”

“ಮೂರು ಸಲ ಪುಕ್ಕಟ ಉಡುಗೊರಿ ಕೊಟ್ಟಾರ. ಇಸ್ಕೊಂಡು ಸುಮ್ನ ಕುಂದರಾಕ ನಾವೇನ ಮರ್ಯಾದಿ ಇಲ್ಲದ ಮಂದಿಯೇನ? ಆಯೇರಿ ಮಾಡಿದವರಿಗೆ ತಿರುಗಿ ಆಯೇರಿ ಮಾಡೂದಿಲ್ಲೇನ?”

ಮದುವೆಯಲ್ಲಿ ಕೊಡುವ ಸೀರೆ, ಕುಪ್ಪಸದ ಬಟ್ಟೆಗೆ ನಮ್ಮ ಕಡೆ ಆಯೇರಿ ಎನ್ನುತ್ತಾರೆ. ಯಾರ ಮನೆಯಿಂದ ಬಂತೋ ಅವರ ಮನೆಗೆ ಅದು ಮರಳಿ ಹೋಗಲೇಬೇಕು. ಅವ್ವ ಆಸೆಗೆ ಬಿದ್ದಿರಲಿಲ್ಲ, ಮರ್ಯಾದೆಗೆ ಬಿದ್ದಿದ್ದಳು. ಆ ತಿಂಗಳು ಸೂಜಿ ಹಿಡಿದು ಗಳಿಸಿದ್ದರಲ್ಲಿ ಅರ್ಧಕ್ಕೂ ಹೆಚ್ಚು, ಯಾವುದೋ ದೇಶದ ಕಂಪನಿಗೆ ಆಯೇರಿಯಾಗಿ ಹೋಗಿತ್ತು.

“ಅದು ಉಡುಗೊರಿ ಅಲ್ಲವ್ವಾ. ಮಾರಾಟ.”

“ಮತ್ತ ಉಡುಗೊರಿ ಅಂತ ಯಾಕ ಬರದಿ?”

ಅವಳು ಸೀರೆ ಎಳೆದುಕೊಂಡು ಹೊಲಿಗೆ ಹಾಕತೊಡಗಿದಳು, ಆಮೇಲೆ ನನ್ನ ಮುಖ ನೋಡಲಿಲ್ಲ. ಇನ್ನು ಮೇಲೆ ಮಗಳು ಬರೆದದ್ದನ್ನು ನಂಬಬೇಕೋ ಬೇಡವೋ ಎಂದು ಅವ್ವ ಯೋಚಿಸುತ್ತಿದ್ದಾಳೆಂದು ತಿಳಿದಾಗ ನನಗೆ ಅಳು ಬಂತು. ಅಳುವಿಗಿಂತ ಸಿಟ್ಟು ಹೆಚ್ಚು ಬಂತು.

ಮುಂದಿನ ತಿಂಗಳು ಅದೇ ಆಟದ ಹೊಸ ಪಟ್ಟಿ ಬಂತು. ‘ಉಡುಗೊರೆ’ ಬಹಳ ಚೆನ್ನಾಗಿ ನಡೆಯುತ್ತಿದೆ, ಹಬ್ಬದ ಉಡುಗೊರೆ, ತವರಿನ ಉಡುಗೊರೆ ಹೀಗೆ ಇನ್ನಷ್ಟು ಬೇಕಂತೆ. ತವರಿನದಂತೆ! ಎಲ್ಲ ಕಡೆ ಆ ಪದ ಅಳಿಸಿ ‘ಖರೀದಿ’ ಎಂದು ಹಾಕಿದೆ. ಮೂರೇ ಅಕ್ಷರ, ಕೆಂಪಾಗಲಿಲ್ಲ. ಮೊದಲೇ ಹೊಳೆಯಬಹುದಿತ್ತು, ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅದರ ಕೆಳಗೆ ‘ಒಳಗೇನಿದೆ ಎಂದು ಮೊದಲು ತಿಳಿಯದು’ ಎಂದೂ ಸೇರಿಸಿ ಕಳಿಸಿಬಿಟ್ಟೆ.

ಏಜೆನ್ಸಿಯ ಯಜಮಾನರು ಫೋನು ಮಾಡಿದರು. “ಮೇಡಮ್ಮರ, ನಾವು ಭಾಷಾ ಬದಲಿ ಮಾಡಾವ್ರು. ಅಂಗಡಿ ಅವರದು.”

“ಅಂಗಡಿ ಅವರದ ರೀ. ಬೋರ್ಡ್ ಬರದ ಕೈ ನಂದು.”

“ಒಂದು ಶಬ್ದಕ್ಕ ಇಷ್ಟ್ಯಾಕ ಹಟಾ? ನೀವು ಬರೀದಿದ್ರ ಬ್ಯಾರೇದವ್ರು ಬರೀತಾರ.”

“ಬರೀಲಿ ರೀ. ಅವರವ್ವನ ಮುಂದ ಕುಂತು ಬರೀಲಿ.”

ಅವರು ಕೆಟ್ಟವರಲ್ಲ. ನಿಟ್ಟುಸಿರು ಬಿಟ್ಟು ಫೋನು ಇಟ್ಟರು. ಆಟದ ಕೆಲಸ ನಿಂತಿತು, ನಿಧಾನವಾಗಿ ಉಳಿದದ್ದೂ ನಿಂತಿತು. ಮನೆ ಬಾಡಿಗೆ ಕಟ್ಟುತ್ತಿದ್ದದ್ದು ಅದರಲ್ಲೇ. ಈಗ ಸಂಜೆ ಮಕ್ಕಳಿಗೆ ಪಾಠ ಹೇಳುತ್ತೇನೆ. ಕೈಗೆ ಬಂದದ್ದನ್ನು ಕಾಲಿನಿಂದ ಒದ್ದೆ ಎಂದು ಅಣ್ಣನೂ ಬೈದ. ಒದ್ದೆ, ಹೌದು. ಮತ್ತೆ ಬಂದರೆ ಮತ್ತೆ ಒದೆಯುತ್ತೇನೆ.

ಅವ್ವ ಮಾತ್ರ ಬೈಯಲಿಲ್ಲ. “ಛಲೋ ಮಾಡಿದಿ,” ಎಂದಳು. “ಆದ್ರ ಮೊದಲ ಬರದದ್ದನ್ನ ಯಾರು ಅಳಸಾವ್ರು?”

ಯಾರೂ ಅಳಿಸಲಿಲ್ಲ. ಆ ಗುಂಡಿಯ ಮೇಲೆ ಇವತ್ತಿಗೂ ಉಡುಗೊರೆ ಎಂದೇ ಇದೆ. ಪದ ನನ್ನದು, ತೆಗೆಯುವ ಅಧಿಕಾರ ನನ್ನದಲ್ಲ. ಅವ್ವ ಆಟವನ್ನೂ ಬಿಟ್ಟಿಲ್ಲ. ತೋಟ ತಾನು ಬೆಳೆಸಿದ್ದು, ತಾನೇಕೆ ಬಿಡಬೇಕು ಎನ್ನುತ್ತಾಳೆ. ಪೆಟ್ಟಿಗೆ ಬಂದರೆ “ನಡೀ ಅತ್ಲಾಗ” ಎಂದು ಬೆರಳಿನಿಂದ ತಳ್ಳುತ್ತಾಳೆ.

ಮೊನ್ನೆ ನಾನು ಖಾನಾಪುರದಲ್ಲಿದ್ದಾಗ ದೇಸೂರಿನಿಂದ ಒಬ್ಬ ಹೆಣ್ಣುಮಗಳು ಸೀರೆ ಒಯ್ಯಲು ಬಂದಿದ್ದಳು. ಫಾಲು ಮುಗಿಯುವವರೆಗೆ ಫೋನು ತೆಗೆದು ಅದೇ ತೋಟ ಆಡುತ್ತ ಕೂತಳು. ಅವ್ವ ಸೂಜಿ ಬದಿಗಿಟ್ಟಳು.

“ಅಕ್ಕಾರ, ನಾಲ್ಕನೇದ್ದು ಒತ್ತಬ್ಯಾಡ್ರಿ. ಅದು ಉಡುಗೊರಿ ಅಲ್ಲ, ಯಾಪಾರ. ನನ್ನ ಮಗಳು ತಪ್ಪು ಬರದಾಳ.”

ಆ ಹೆಣ್ಣುಮಗಳು ನನ್ನ ಕಡೆ ತಿರುಗಿ ನೋಡಿದಳು. ತಲೆ ತಾನಾಗಿ ತಗ್ಗುತ್ತದೆ ಎಂದುಕೊಂಡಿದ್ದೆ, ತಗ್ಗಲಿಲ್ಲ.

“ಹೌದ್ರಿ,” ಎಂದೆ. “ತಪ್ಪು ನಂದ. ನಿಮ್ಮೂರಾಗ ಎಲ್ಲಾರಿಗೂ ಹೇಳ್ರಿ.”