ಒಂಚೂರು ಜಿಡ್ಡು

ತಪ್, ತಪ್, ತಪ್. ಶುಕ್ರವಾರ ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ನಿಂಗಮ್ಮನ ಅಂಗೈ ನನ್ನ ನೆತ್ತಿಗೆ ಹರಳೆಣ್ಣೆ ತಟ್ಟುತ್ತಿದ್ದ ಸದ್ದು. ನಮ್ಮ ಮನೆಯಲ್ಲಿ ಮಕ್ಕಳಿಗೆಲ್ಲ ನೀರು ಹಾಕುತ್ತಿದ್ದವಳು ಅವಳು. ಸದ್ದು ತಲೆಯಲ್ಲಿ ಉಳಿದಿದೆ, ಎಣ್ಣೆ ಉಳಿಯಲಿಲ್ಲ.

ಎಪ್ಪತ್ತೈದು ದಾಟಿದ ಮೇಲೆ ನನ್ನ ಕಾಲುಗಳು ಹೊಟ್ಟು ಉದುರಿಸತೊಡಗಿವೆ. ಕರಿ ಸಾಕ್ಸ್ ಕಳಚಿದರೆ ಒಳಗೆ ಮೈದಾಹಿಟ್ಟು ಚೆಲ್ಲಿದ ಹಾಗೆ. ಹಾವಾದರೂ ಪೊರೆಯನ್ನು ಇಡಿಯಾಗಿ ಬಿಟ್ಟು ಹೊಸದಾಗಿ ಹೊರಡುತ್ತದೆ, ಎಷ್ಟು ಡಿಗ್ನಿಫೈಡ್! ನಾನು ದಿನವೂ ಇಷ್ಟಿಷ್ಟೇ ಉದುರುತ್ತೇನೆ, ಒಳಗಿನಿಂದ ಹೊಸಬಳು ಯಾರೂ ಬರುವುದಿಲ್ಲ. ಕೆರೆದು ಕೆರೆದು ಸುಸ್ತಾಗಿದೆ.

ತುರಿಕೆಗೆ ನನಗೆ ಗೊತ್ತಿದ್ದ ಮದ್ದು ಒಂದೇ: ಹೊಗೆಯಾಡುವ ನೀರು, ಮೈ ಕಿರ್ ಎನ್ನುವಷ್ಟು ಸೋಪು. ಇದು ಕಾನ್ವೆಂಟ್ ಹಚ್ಚಿದ ಹುಚ್ಚು. ಹರಳೆಣ್ಣೆ ವಾಸನೆ ಬಂದರೆ ಕ್ಲಾಸಿನ ಹುಡುಗಿಯರು 'ಗ್ರೀಸಿ' ಎಂದು ಮೂಗು ಮುಚ್ಚುತ್ತಿದ್ದರು. ಅದಕ್ಕೇ ಬಚ್ಚಲಲ್ಲಿ ನಿಂಗಮ್ಮನ ಪ್ರಾಣ ತಿನ್ನುತ್ತಿದ್ದೆ: "ಇನ್ನೂ ಸೀಗೆಪುಡಿ ಹಾಕು, ಇನ್ನೂ ತಿಕ್ಕು."

"ಒಂಚೂರು ಜಿಡ್ಡು ಇರ್ಲಿ ಬುಡವ್ವ. ಎಲ್ಲಾನೂ ತಿಕ್ಬುಟ್ರೆ ಮೈ ಮುನಿಸ್ಕತದೆ," ಎನ್ನುತ್ತಿದ್ದಳು. ತಲೆ ಒರೆಸಿದ ಮೇಲೆ, ಒದ್ದೆ ಕೈಕಾಲಿಗೆ ಎರಡು ತೊಟ್ಟು ಎಣ್ಣೆ ಸವರಿಯೇ ಬಿಡುತ್ತಿದ್ದಳು. ನಾನು ಶಾಲೆಯ ಗೇಟಿನ ಮರೆಯಲ್ಲಿ ನಿಂತು ಅದಷ್ಟನ್ನೂ ಕರ್ಚೀಫಿನಿಂದ ಒರೆಸಿ, ಲೇಡಿಯಾಗಿ ಒಳಗೆ ನಡೆಯುತ್ತಿದ್ದೆ.

ಹೋದ ಚಳಿಗಾಲದಲ್ಲಿ ಕಾಲು ಬಿರಿದು ರಕ್ತ ಬಂದಾಗ ಮದ್ದೂರಿನಿಂದ ಮಂಡ್ಯದ ಸ್ಕಿನ್ ಡಾಕ್ಟರ ಬಳಿಗೆ ಹೋದೆ. ಮೊಮ್ಮಗಳ ವಯಸ್ಸಿನ ಹುಡುಗಿ. "ಬಿಸಿನೀರು ಬೇಡ ಮೇಡಂ, ಉಗುರುಬೆಚ್ಚಗೆ ಸಾಕು. ಉಜ್ಜಬೇಡಿ. ಮೈ ಇನ್ನೂ ಹಸಿಯಿರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ಇರೋ ಜಿಡ್ಡನ್ನೆಲ್ಲ ನೀವೇ ತೊಳೆದುಬಿಟ್ಟಿದ್ದೀರಿ." ಅರವತ್ತೈದು ವರ್ಷ ತಡವಾಗಿ ನನಗೆ ಬುದ್ಧಿ ಬಂತು, ಅದೂ ಪ್ರಿಸ್ಕ್ರಿಪ್ಷನ್ ಮೇಲೆ.

ಟ್ಯೂಬನ್ನು ಬ್ಯಾಗಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಬಂದರೆ, ಮಳವಳ್ಳಿ ಬಸ್ಸಿಗೆ ಕಾಯುತ್ತಾ ಬೆಂಚಿನ ಮೇಲೆ ನಿಂಗಮ್ಮ! ಬೆನ್ನು ಬಿಲ್ಲಾಗಿತ್ತು, ನರೆತ ತಲೆ ಮಾತ್ರ ಎಣ್ಣೆಯಲ್ಲಿ ಮಿರಮಿರ ಎನ್ನುತ್ತಿತ್ತು. ನನ್ನ ಕೈ ಹಿಡಿದವಳೇ ಗದರಿದಳು:

"ಇದೇನವ್ವ, ಕೈಯ್ಯ ಇಂಗ್ ಒಣಗ್ಸ್ಕಂಡಿದ್ದೀಯೆ?"

"ಡಾಕ್ಟರಿಗೆ ತೋರಿಸಿ ಬಂದೆ. ನೀನು ಆಗ ಹೇಳ್ತಿದ್ದದ್ದನ್ನೇ ಅವರೂ ಹೇಳಿದರು, ನಿಂಗಮ್ಮ."

"ಅಂಗಾರೆ ಅವ್ರೂವೆ ಮಕ್ಳಿಗೆ ನೀರು ಉಯ್ತಿದ್ರಾ?"

ಎಷ್ಟೋ ದಿನದ ಮೇಲೆ ನಕ್ಕೆ. ಅಷ್ಟರಲ್ಲಿ ಅವಳು ತನ್ನ ಬೈತಲೆಯ ಮೇಲೆ ಅಂಗೈ ಎಳೆದು, ಬಂದ ಜಿಡ್ಡನ್ನು ನನ್ನ ಕೈಗೆ ಸವರತೊಡಗಿದ್ದಳು.

"ಇಸ್ಕೂಲ್ ಗೇಟಲ್ಲಿ ಒರ್ಸ್ಕಂಡಂಗೆ ಇದ್ನೂ ಒರ್ಸ್ಕಬ್ಯಾಡ ಕಣವ್ವ. ನಿನ್ ಕರ್ಚೀಪು ಒಗೀತಿದ್ದೋಳು ನಾನೇಯ."

ಮಳವಳ್ಳಿ ಬಸ್ಸು ಬಂತು. ಕಂಬಿ ಹಿಡಿದು ನಿಧಾನಕ್ಕೆ ಹತ್ತಿದಳು, ತಿರುಗಿ ನೋಡಲಿಲ್ಲ. ಯುಗಾದಿಯ ಹೊತ್ತಿಗೆ ಅವಳು ಇರಲಿಲ್ಲ. ಆ ದಿನ ನಾನು ಮದ್ದೂರು ತಲುಪುವ ತನಕ ಕೈಯನ್ನು ಸೀರೆಗೂ ತಾಗಿಸದೆ, ಮಡಿಲಿನ ಮೇಲೆ ಎತ್ತಿ ಹಿಡಿದೇ ಕೂತಿದ್ದೆ.