ಮನೆ ತೋರಿಸುವ ಸುಖ

ಹೊಸದಾಗಿ ಮನೆ ಮಾಡಿದವರಿಗೆ ಬಚ್ಚಲಮನೆಯ ಬಗ್ಗೆ ಸಂಕೋಚವಿರುವುದಿಲ್ಲ. ನೆಂಟರು ಕಾಲು ತೊಳೆದು ಒಳಗೆ ಬಂದರೋ ಇಲ್ಲವೋ, ಅದರ ಬಾಗಿಲು ತೆಗೆದು, ದೀಪ ಹಾಕಿ, ನಲ್ಲಿ ತಿರುಗಿಸಿ, "ನೀರು ಮುಟ್ಟಿ ನೋಡಿ, ಬಿಸಿ" ಎನ್ನುತ್ತಾರೆ. ನೆಂಟರೂ ಪಾಪ, ಗರ್ಭಗುಡಿಯ ಮುಂದೆ ನಿಂತವರಂತೆ ನಿಂತು ತಲೆದೂಗುತ್ತಾರೆ. ಇದನ್ನು ಯಾರ ಮೇಲೋ ಹಾಕಿ ಹೇಳುತ್ತಿಲ್ಲ. ಮೂರು ವರ್ಷದ ಹಿಂದಿನ ಬೇಸಿಗೆಯಲ್ಲಿ ನಾನೇ ಹೀಗೆ ನಲ್ಲಿ ತಿರುಗಿಸುತ್ತ ನಿಂತಿದ್ದೆ.

ನಮ್ಮದು ದಂಡಿನಶಿವರದ ಹತ್ತಿರದ ಹಳ್ಳಿ. ಅಪ್ಪನ ಕಾಲದ ಹೆಂಚಿನ ಮನೆ. ಮಣ್ಣಿನ ಗೋಡೆ, ನಡುಮನೆಯಲ್ಲಿ ನಾಲ್ಕು ಕಂಬ, ಮೇಲೆ ಕೊಬ್ಬರಿಗೆಂದು ಕಾಯಿ ತುಂಬಿದ ಅಟ್ಟ. ತುರುವೇಕೆರೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಮಗ, ಇದನ್ನು ಸರಿಮಾಡಿಸೋಣ ಎಂದ. ಸರಿಮಾಡಿಸುವುದೆಂದರೆ ಮುಂದಿನ ಗೋಡೆಯೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಕೆಡವುವುದು ಎಂದು ನನಗೆ ಆಮೇಲೆ ತಿಳಿಯಿತು. ಅದೇ ಬೇಸಿಗೆಯಲ್ಲಿ ಊರಿನ ಈಶ್ವರನ ಗುಡಿಯ ಜೀರ್ಣೋದ್ಧಾರ. ಎಸ್ಸೆಸ್ಸೆಲ್ಸಿ ಪಾಸಾದ ಹಿರಿಯ ಎಂಬ ಒಂದೇ ಅರ್ಹತೆಯ ಮೇಲೆ ನಾನು ಅದರ ಸಮಿತಿಗೆ ಅಧ್ಯಕ್ಷ. ಸಂಜೆ ಗುಡಿಯ ಮುಂದೆ ಪ್ರವಚನ, ಬಂದವರಿಗೆ ಪ್ರಸಾದ. ಇವುಗಳ ನಡುವೆ ರಜೆಗೆ ಬಂದ ಇಬ್ಬರು ಹೆಣ್ಣುಮಕ್ಕಳು, ಅವರ ಮಕ್ಕಳು. ನನ್ನ ಹೆಂಡತಿ ಗಂಗಮ್ಮ ಎರಡು ತಿಂಗಳು ದನದ ಕೊಟ್ಟಿಗೆಯಲ್ಲಿ ಒಲೆ ಹೂಡಿಕೊಂಡು ಗಾರೆಯವರಿಗೂ ನೆಂಟರಿಗೂ ಮುದ್ದೆ ತೊಳಸಿದಳು.

ಇಷ್ಟು ಜನರ ನಡುವೆ ಒಬ್ಬನ ಹೆಸರು ಹೇಳಲಿಲ್ಲ. ಆಗಲೂ ಹಾಗೇ ಆಯಿತು. ಅವನು ನನ್ನ ತಮ್ಮ ನಂಜುಂಡ. ನಾಲ್ಕನೇ ವಯಸ್ಸಿನಲ್ಲಿ ಸಿಡುಬಿನಿಂದ ಎರಡೂ ಕಣ್ಣು ಹೋದವನು. ಮದುವೆಯಾಗಲಿಲ್ಲ, ನಮ್ಮ ಜೊತೆಯಲ್ಲೇ ಇದ್ದ. ಅಟ್ಟದ ಕಾಯನ್ನು ಕಿವಿಯ ಹತ್ತಿರ ಕುಲುಕಿ, ಒಳಗೆ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುತ್ತಿದ್ದ. ತಿಪಟೂರಿನ ಮಂಡಿಯವರೂ ಅವನ ಕಿವಿಯ ಮೇಲೆ ಅನುಮಾನಪಟ್ಟವರಲ್ಲ. ಹಳೆಯ ಮನೆಯಲ್ಲಿ ಅವನು ಓಡಾಡುವುದನ್ನು ನೋಡಿದ ಹೊಸಬರಿಗೆ ಅವನು ಕುರುಡ ಎಂದು ತಿಳಿಯಲು ಅರ್ಧ ದಿನ ಬೇಕಾಗುತ್ತಿತ್ತು. ಎರಡನೇ ಕಂಬಕ್ಕೆ ಬೆರಳು ತಾಗಿಸಿ ಬಚ್ಚಲ ಕಡೆಗೆ ತಿರುಗುತ್ತಿದ್ದ. ಹೊಸಿಲಿನ ಸವೆದ ಕಡೆಗೇ ಕಾಲಿಡುತ್ತಿದ್ದ. ನಾನು ಕಣ್ಣಿದ್ದೂ ಆ ಹೊಸಿಲನ್ನು ಎಷ್ಟೋ ಸಲ ಎಡವಿದ್ದೇನೆ.

ಮನೆಯ ನಕ್ಷೆ ಹಾಕುವಾಗ ವಾಸ್ತುವಿನವರು ಬಂದಿದ್ದರು. ಅಗ್ನಿ ಎಲ್ಲಿರಬೇಕು, ವಾಯು ಎಲ್ಲಿರಬೇಕು, ಕುಬೇರ ಯಾವ ಮೂಲೆಗೆ ಒಪ್ಪುತ್ತಾನೆ ಎಂದು ಎಂಟು ದಿಕ್ಕಿನ ದೇವತೆಗಳ ಅನುಕೂಲವನ್ನೆಲ್ಲ ವಿಚಾರಿಸಿದೆವು. ನೆಲದ ಬಣ್ಣಕ್ಕೆ ಮೊಮ್ಮಕ್ಕಳ ಅಭಿಪ್ರಾಯವನ್ನೂ ಕೇಳಿದೆವು. ನಂಜುಂಡನನ್ನು ಕೇಳಲಿಲ್ಲ. ನೋಡಲಾರದವನಿಗೆ ಯಾವ ಮನೆಯಾದರೇನು ಎಂದು ನನ್ನ ಲೆಕ್ಕ. ಬೇರೆ ಯಾರೂ ಹಾಗೆ ಹೇಳಲಿಲ್ಲ, ಹೇಳಿದವನು ನಾನೇ.

ಕಂಬಗಳು ಹೋದವು, ಹೊಸಿಲು ಹೋಯಿತು, ಬಚ್ಚಲು ವಾಯುವ್ಯಕ್ಕೆ ಹೋಯಿತು. ನಡುಮನೆ ಹೋಗಿ ಹಾಲ್ ಬಂತು, ಕನ್ನಡಿಯಂಥ ನೆಲ. ಗೃಹಪ್ರವೇಶವಾದ ಮಾರನೆಯ ದಿನ ನಂಜುಂಡ ತನ್ನ ಕೋಣೆಯ ಬಾಗಿಲಲ್ಲಿ ನಿಂತು, ಮುಂದಕ್ಕೆ ಕೈಚಾಚಿ, ಏನೂ ಸಿಗದೆ ಕೈ ಹಿಂದಕ್ಕೆ ತೆಗೆದುಕೊಂಡ.

"ಅಣ್ಣಾ, ಒಸಿ ಬಚ್ಚಲಿಗೆ ಕರ್ಕೊಂಡ್ ಹೋಗ್ತೀಯಾ?" ಎಂದ.

ಅರವತ್ತು ವರ್ಷದಲ್ಲಿ ಅವನು ನನ್ನ ಕೈ ಕೇಳಿದ್ದು ಅದೇ ಮೊದಲು. ಸಿಡುಬಿಗೆ ಅವನ ಕಣ್ಣಷ್ಟೇ ಹೋಗಿತ್ತು. ಅವನನ್ನು ಕುರುಡನನ್ನಾಗಿ ಮಾಡಿದ್ದು ನಾನು.

ಉಪಾಯ ಹುಡುಕಿದವಳು ಗಂಗಮ್ಮ. ಗೋಡೆಗೆ ಕೊಕ್ಕೆ ಹೊಡೆಸಿ, ಅವನ ಕೋಣೆಯಿಂದ ಬಚ್ಚಲಿಗೆ, ಅಲ್ಲಿಂದ ಮುಂಬಾಗಿಲಿಗೆ ತೆಂಗಿನ ನಾರಿನ ಹಗ್ಗ ಕಟ್ಟಿದಳು. ಒಂದೇ ದಿನದಲ್ಲಿ ನಂಜುಂಡ ಮತ್ತೆ ನಂಜುಂಡನಾದ. ಹಗ್ಗ ಹಿಡಿದು ಬರುತ್ತ, "ತುರುವೇಕೆರೆ ಬಸ್ಸು ಬತ್ತಾ ಐತೆ, ದಾರಿ ಬುಡ್ರಲಾ!" ಎಂದು ಕೂಗುತ್ತಿದ್ದ. ಮೊಮ್ಮಕ್ಕಳು ಟಿಕೆಟ್ ಕೊಡು ಎಂದು ಅವನ ಪಂಚೆ ಹಿಡಿಯುತ್ತಿದ್ದರು.

ಆದರೆ ಆ ಹಗ್ಗ ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಅಷ್ಟು ಚೆಂದದ ಗೋಡೆಯ ಮೇಲೆ ದನ ಕಟ್ಟುವಂಥ ಹಗ್ಗ! ಮನೆ ನೋಡಲು ಯಾರಾದರೂ ಬರುತ್ತಾರೆಂದರೆ ಅದನ್ನು ಬಿಚ್ಚಿ, ಸುತ್ತಿ, ಬೀರುವಿನಲ್ಲಿ ಇಡುತ್ತಿದ್ದೆ. "ನಂಜುಂಡ, ನೆಂಟರು ಬತ್ತಾರೆ ಕಣ್ಲಾ, ಒಂದ್ ಗಳಿಗೆ ಒಳಗೇ ಕೂತಿರು, ಆಮೇಲೆ ಕರೀತೀನಿ" ಎನ್ನುತ್ತಿದ್ದೆ. "ಆಯ್ತು ಬುಡಣ್ಣ" ಎನ್ನುತ್ತಿದ್ದ. ಅವರು ಹೋದ ಮೇಲೆ ಮತ್ತೆ ಕಟ್ಟುತ್ತಿದ್ದೆ. ಅದೇ ತಿಂಗಳು ಗುಡಿಯ ಮೆಟ್ಟಿಲಿಗೆ ಸ್ಟೀಲಿನ ಕಂಬಿ ಹಾಕಿಸಿ, "ಕೈಲಾಗದವರೂ ಕಣ್ಣಿಲ್ಲದವರೂ ಯಾರ ಹಂಗೂ ಇಲ್ಲದೆ ಸ್ವಾಮಿಯ ಹತ್ತಿರ ಬರಬೇಕು" ಎಂದು ಮೈಕಿನಲ್ಲಿ ಭಾಷಣ ಮಾಡಿದೆ. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ನಂಜುಂಡ ಎಲ್ಲರಿಗಿಂತ ಜೋರಾಗಿ ತಟ್ಟಿದ.

ಒಂದು ಭಾನುವಾರ ಬೀಗರು ಬಂದರು. ಮನೆಯೆಲ್ಲ ನೋಡಿ, ಬಿಸಿನೀರು ಮುಟ್ಟಿ, ಕಾಫಿ ಕುಡಿದರು. "ಬನ್ನಿ, ಗುಡಿಯ ಕಂಬಿಯನ್ನೂ ನೋಡಿಬಿಡಿ" ಎಂದು ಅವರನ್ನು ಹೊರಡಿಸಿದೆ. ಮಕ್ಕಳೂ ಮೊಮ್ಮಕ್ಕಳೂ ಜೊತೆಗೆ ಹೊರಟರು. ಬಿಚ್ಚಿಟ್ಟ ಹಗ್ಗದ ನೆನಪು ಬಂದದ್ದು ಗುಡಿಯ ಮೆಟ್ಟಿಲ ಮೇಲೆ. ಅವರನ್ನು ಅಲ್ಲೇ ಬಿಟ್ಟು ಒಬ್ಬನೇ ಬಿರಬಿರನೆ ಮನೆಗೆ ಬಂದೆ.

ನಂಜುಂಡ ಹಾಲ್‌ನ ನಡುವೆ ಬಿದ್ದಿದ್ದ. ಕಾದು ಕಾದು, ನಾನು ಹಗ್ಗ ಕಟ್ಟಿ, ಕರೆಯುವುದನ್ನು ಮಾತ್ರ ಮರೆತೆನೆಂದುಕೊಂಡು ಎದ್ದು ಬಂದಿರಬೇಕು. ನರಳುತ್ತಿದ್ದ. ಗಂಗಮ್ಮ ಹಿತ್ತಿಲಲ್ಲಿ ಪಾತ್ರೆ ಬೆಳಗುವ ಸದ್ದು ಕೇಳುತ್ತಿತ್ತು. ಮಿಕ್ಕವರು ಇನ್ನೇನು ಬರುತ್ತಾರೆ.

ಈಗ ಹೇಳುವುದನ್ನು ಇದುವರೆಗೆ ಎಲ್ಲೂ ಬರೆದಿಲ್ಲ. ನಾನು ಬೀರು ತೆಗೆದೆ. ಮೊದಲು ಹಗ್ಗ ಕಟ್ಟಿದೆ. ಆಮೇಲೆ ತಮ್ಮನನ್ನು ಎತ್ತಿದೆ.

ಕಾಯಿಯೊಳಗಿನ ಕೊಬ್ಬರಿಯ ಸದ್ದು ತಿಳಿಯುವ ಕಿವಿಗೆ ಬೀರುವಿನ ಬಾಗಿಲ ಸದ್ದು ತಿಳಿಯದೇ ಇರುತ್ತದೆಯೇ? ಒಂದೊಂದು ಕೊಕ್ಕೆಗೆ ಹಗ್ಗ ಬೀಳುವುದನ್ನೂ ಅವನು ನೆಲದ ಮೇಲಿಂದ ಕೇಳಿಸಿಕೊಂಡಿದ್ದಾನೆ. ನರಳುವುದನ್ನು ನಿಲ್ಲಿಸಿದ್ದ. ಎಲ್ಲರೂ ಬಂದು ಸುತ್ತ ನಿಂತು ಏನಾಯಿತು, ಏನಾಯಿತು ಎಂದಾಗ, "ಹಗ್ಗ ಇತ್ತು ಕಣ್ರಪ್ಪ. ನಾನೇ ಕೈ ಬುಟ್ಬುಟ್ಟೆ" ಎಂದ.

ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು, ಆದರೆ ಮತ್ತೆ ಏಳಲಿಲ್ಲ. ಗಂಗಮ್ಮನೇ ಅವನ ಸೇವೆ ಮಾಡಿದಳು. ನಾನು ದಿನವೂ ಹೋಗಿ ಮಂಚದ ಪಕ್ಕ ಕುಳಿತು ಮಳೆ, ಕೊಬ್ಬರಿ, ಪ್ರವಚನ ಎಂದು ಬೇಡದ್ದೆಲ್ಲ ಮಾತಾಡಿ ಎದ್ದುಬರುತ್ತಿದ್ದೆ. ಒಮ್ಮೆ ಅವನೇ, "ಅಣ್ಣಾ, ಅವತ್ತು ಬೀಗರು ಮನೆ ನೋಡಿ ಏನಂದ್ರು?" ಎಂದು ಕೇಳಿದ.

"ಚೆನ್ನಾಗೈತೆ ಅಂದ್ರು."

"ಸದ್ಯ," ಎಂದ. ಅದರಲ್ಲಿ ಕೊಂಕಿತ್ತೇ ಎಂದು ಎಷ್ಟೋ ಸಲ ಹುಡುಕಿದ್ದೇನೆ. ಸಿಕ್ಕಿಲ್ಲ. ಸಿಕ್ಕಿದ್ದರೆ ಸ್ವಲ್ಪ ಹಗುರವಾಗುತ್ತಿದ್ದೆನೇನೋ. ಕಾರ್ತಿಕದಲ್ಲಿ ಹೋಗಿಬಿಟ್ಟ.

ಹೋದ ವಾರ, ಉಂಡು ಕೈ ತೊಳೆದವನು, ಇನ್ನು ತಡೆಯಲಾಗದೆ ಗಂಗಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ಬೆಚ್ಚುತ್ತಾಳೆ, ಛೀ ಎನ್ನುತ್ತಾಳೆ ಎಂದುಕೊಂಡಿದ್ದೆ. ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದಳು.

"ನಂಗೊತ್ತು ಕಣ್ರೀ. ಬೀಗರು ಕುಡಿದ ಲೋಟ ಎತ್ತೋಕೆ ಬಂದಾಗ ಗೋಡೆ ಬರಿದಾಗಿತ್ತು. ಬೆಳಗಿ ಬಂದು ಕಟ್ಟಿದ್ರಾಯ್ತು ಅಂತ ಹಿತ್ಲಿಗೆ ಹೋದೆ. ಬರೋ ಹೊತ್ಗೆ ಹಗ್ಗ ಗೋಡೆ ಮೇಲಿತ್ತು. ಅದು ನಂದೂ ತಪ್ಪು. ಆಮೇಲೊಂದಿನ ನಂಜುಂಡನ ಕಾಲು ಹಿಡಕಂಡು ಅತ್ತೆ."

"ಏನಂದ?"

"'ಅಳಬೇಡಿ ಅತ್ತಿಗೆ' ಅಂದ. 'ನಿಮಗೆ ಗೊತ್ತು ಅನ್ನೋದು ಅಣ್ಣಂಗೆ ತಿಳೀಬಾರದು. ತಿಳಿದ್ರೆ ಅವನಿಗೆ ಅನ್ನ ಸೇರಲ್ಲ' ಅಂದ."

ಅವನು ಹೋಗಿ ಎರಡು ವರ್ಷ ದಾಟಿತು. ನಾನು ಒಂದು ಹೊತ್ತೂ ಬಿಡದೆ ಉಂಡಿದ್ದೇನೆ.