ಮಾವ ಕೂರಿಸಿದ ನಲ್ಲಿ

ಮದುವೆಯಾಗಿ ಪಾಲಮಲೆ ಬೆಟ್ಟದೂರಿನಿಂದ ಸೇಲಂಗೆ ಬಂದ ಮೂರನೇ ತಿಂಗಳು, ತಮಿಳಿನ ಪಂಗುನಿ ಮಾಸದ ಎರಡನೇ ಭಾನುವಾರ, ನನ್ನ ಮಾವ ಅಡುಗೆಮನೆಯ ಎರಡು ಹಳೇ ನಲ್ಲಿಗಳನ್ನು ಬಿಚ್ಚಿ ಆ ಜಾಗದಲ್ಲಿ ಒಂದು ಮಿಕ್ಸರ್ ನಲ್ಲಿಯನ್ನು ಕೂರಿಸಿದರು. ಅವತ್ತಿನ ದಿನಚರಿಯಲ್ಲಿ ಇಷ್ಟೇ ಇದೆ: ನಲ್ಲಿ ಬಂತು. ಟೈಲ್ಸ್ ಒಂದು ಒಡೆಯಿತು. ಕೇಸರಿ ಮಾಡಿದೆ, ಚೆನ್ನಾಗಿತ್ತು. ಆ ಮನೆಯಲ್ಲಿ ನನ್ನ ಅಡುಗೆ ಚೆನ್ನಾಗಿತ್ತು ಅಂತ ನಾನು ಬರೆದ ಕೊನೆಯ ಸಾಲುಗಳಲ್ಲಿ ಅದೂ ಒಂದು.

ಮನೆಗೆ ಎರಡು ಥರದ ನೀರು. ಬೋರ್‌ವೆಲ್ಲಿನ ಉಪ್ಪುನೀರು ತಾರಸಿ ಮೇಲಿನ ದೊಡ್ಡ ಟ್ಯಾಂಕಿಗೆ ಏರುತ್ತದೆ. ಅದರಲ್ಲಿ ಸೋಪು ನೊರೆ ಬರುವುದಿಲ್ಲ, ಒಗೆದ ಬಟ್ಟೆ ಒಣಗಿದರೆ ಹಪ್ಪಳದ ಹಾಗೆ ನಿಲ್ಲುತ್ತದೆ. ಕಾವೇರಿ ನೀರು ಬೀದಿ ಕೊಳಾಯಿಯಿಂದ ಬರುವುದು ಯಾವಾಗಲೋ ಒಮ್ಮೆ. ಬಂದಾಗ ಅದನ್ನು ಬಚ್ಚಲುಮನೆಯ ಮೇಲಿನ ಸಣ್ಣ ಟ್ಯಾಂಕಿನಲ್ಲಿ ತುಂಬಿಕೊಂಡು ಅಡುಗೆಗೆ ಮಾತ್ರ ಬಳಸುತ್ತಿದ್ದರು. ಕುಡಿಯಲು ಅಂಗಡಿಯ ಕ್ಯಾನ್ ನೀರು. ಅದು ಮಾವ, ಅತ್ತೆ ಮತ್ತು ನನ್ನ ಗಂಡ, ಈ ಮೂವರಿಗೆ. ನಾನು ಬಂದ ಮರುದಿನ ಕ್ಯಾನಿನ ಕೆಳಗೆ ಲೋಟ ಹಿಡಿದಾಗಲೇ ಅತ್ತೆ ಹೇಳಿದ್ದರು.

“ನಿಂಗ್ಯಾಕಮ್ಮಾ ಕ್ಯಾನ್ ನೀರು? ಮಲೆ ಮೇಲೆ ಅಳ್ಳದ ನೀರು ಕುಡ್ದು ಬೆಳ್ದೋಳು. ಟ್ಯಾಂಕಿ ನೀರೇ ನಿಂಗೆ ಐಸ್‌ಕ್ರೀಮು.”

ಮೂವರೂ ನಕ್ಕರು. ಹೊಸಬಳಲ್ಲವೇ, ನಾನೂ ನಕ್ಕೆ. ಅವತ್ತಿನಿಂದ ಸಣ್ಣ ಟ್ಯಾಂಕಿನ ನೀರನ್ನೇ ಕುಡಿದೆ.

ಮಿಕ್ಸರ್ ನಲ್ಲಿಯಿರುವುದು ಬಿಸಿನೀರು ತಣ್ಣೀರು ಬೆರೆಸಲು. ನಮ್ಮ ಅಡುಗೆಮನೆಗೆ ಬಿಸಿನೀರಿನ ಪೈಪೇ ಇರಲಿಲ್ಲ. ಆದರೆ ಹೊಸೂರಿನಲ್ಲಿರುವ ಮಗಳ ಮನೆಯಲ್ಲಿ ಮಾವ ಅದನ್ನು ನೋಡಿ ಬಂದಿದ್ದರು. ಆಫೀಸಿನಿಂದ ನಿವೃತ್ತರಾದ ಮೇಲೆ ಫೋನಿನಲ್ಲಿ ವಿಡಿಯೋ ನೋಡಿ ಕೆಲಸ ಕಲಿಯುವುದು ಅವರ ಹುಚ್ಚು. ಕೆಂಪು ಗುರುತಿನ ತಿರುಪಿಗೆ ಉಪ್ಪುನೀರು, ನೀಲಿ ಗುರುತಿನ ತಿರುಪಿಗೆ ಕಾವೇರಿ ಎಂದು ಅವರೇ ಯೋಚಿಸಿದರು. ಗೋಡೆಯ ಎರಡು ಪೈಪುಗಳ ನಡುವಿನ ಅಳತೆಗೂ ನಲ್ಲಿಯ ಅಳತೆಗೂ ಹೊಂದದೆ, ಡೊಂಕು ತುಂಡುಗಳನ್ನು ಆಚೀಚೆ ತಿರುಗಿಸಿ, ಬಿಳಿ ಟೇಪು ಸುತ್ತಿ, ಹೊಳಪಿಗೆ ಗೀರು ಬೀಳಬಾರದೆಂದು ಸ್ಪ್ಯಾನರಿಗೆ ನನ್ನ ಹಳೇ ರವಿಕೆಯ ಬಟ್ಟೆ ಕಟ್ಟಿ, ಸಂಜೆಯ ಹೊತ್ತಿಗೆ ಕೂರಿಸಿಯೇ ಬಿಟ್ಟರು. ನನ್ನ ಗಂಡ ಅದರ ಮೂತಿಗೆ ಉದ್ದನೆಯ ರಬ್ಬರ್ ಪೈಪು ತಂದು ಸಿಕ್ಕಿಸಿದ. ಪೈಪಿನ ತುದಿಯಲ್ಲಿ ಗುಂಡಿ, ಒತ್ತಿದರೆ ನೀರು, ಬಿಟ್ಟರೆ ಬಂದ್. ಅತ್ತೆ ನಲ್ಲಿಗೆ ಕುಂಕುಮವಿಟ್ಟು ಕರ್ಪೂರ ಬೆಳಗಿದರು. ಫೋಟೋ ಹೊಸೂರಿಗೆ ಹೋಯಿತು.

“ಪ್ಲಂಬರ್ ಬಂದಿದ್ರೆ ಗೋಡೆನೇ ಅಗ್ದಿರೋನು,” ಎಂದರು ಮಾವ. “ಆ ತಿರುಪು ಸುಮ್ಸುಮ್ನೆ ತಿರುಗಿಸ್ಬೇಡಿ. ವಾಷರ್ ತೇದೋಯ್ತದೆ. ಗುಂಡಿ ಬುಟ್ರೆ ನೀರು ನಿಂತ್ಕೊಳ್ತದಲ್ಲ, ಸಾಕು.”

ಅತ್ತೆ ಅದನ್ನು ವೇದವಾಕ್ಯದಂತೆ ಪಾಲಿಸಿದರು. ಉಪ್ಪುನೀರಲ್ಲಿ ತೊಳೆದ ಸ್ಟೀಲ್ ಪಾತ್ರೆಯ ಮೇಲೆ ಬಿಳಿ ಕಲೆ ನಿಲ್ಲುತ್ತದೆಂದು, ಕೊನೆಯಲ್ಲಿ ಎರಡೂ ತಿರುಪು ತೆರೆದು ಬೆರಕೆ ನೀರಲ್ಲಿ ಒಮ್ಮೆ ಜಾಲಿಸುತ್ತಿದ್ದರು. ಆಮೇಲೆ ಗುಂಡಿ ಬಿಟ್ಟು ಹೊರಟರೆ ಆಯಿತು. ಎರಡು ತಿರುಪೂ ಹಾಗೇ ತೆರೆದಿರುತ್ತಿದ್ದವು. ಅಡುಗೆಗೆ ಮಾತ್ರ ಆ ನಲ್ಲಿಯ ನೀರನ್ನು ಹಿಡಿಯುವಂತಿರಲಿಲ್ಲ. ಎಂಜಲು ಪಾತ್ರೆ ಬೀಳುವ ಸಿಂಕಿನ ಹತ್ತಿರ ಅಡುಗೆ ಕೊಡ ಇಡಬಾರದೆಂಬುದು ಆ ಮನೆಯ ಮಡಿ. ನಾನು ಮೊದಲಿನಂತೆ ಹಿತ್ತಲಿಗೆ ಹೋಗಿ, ಸಣ್ಣ ಟ್ಯಾಂಕಿನ ಕೆಳಗಿರುವ ನಲ್ಲಿಯಲ್ಲೇ ಕೊಡ ತುಂಬಿ ತರುತ್ತಿದ್ದೆ.

ಮುಂದಿನ ತಿಂಗಳು, ಚಿತ್ತಿರೈ ಹುಟ್ಟಿದ ವಾರದಲ್ಲಿ, ಸಾಂಬಾರು ಮೊದಲ ಸಲ ಉಪ್ಪಾಯಿತು.

“ಏ ಉಡ್ಗಿ,” ಎಂದರು ಅತ್ತೆ, “ಮಲೇಲಿ ಉಪ್ಪು ಸಿಕ್ಕಲ್ಲ ಅಂತ ಇಲ್ಲಿ ಎಲ್ಲಾನು ಒಂದೇ ದಿವ್ಸ ಆಕ್ಬುಟ್ಯಾ?”

ಮಾರನೇ ದಿನ ಕಡಿಮೆ ಹಾಕಿದೆ. ಅದೂ ಉಪ್ಪಾಯಿತು. ಬೇಳೆ ಎಷ್ಟು ಸೀಟಿ ಕೂಗಿಸಿದರೂ ಕಲ್ಲಿನಂತೆ ಕೂರತೊಡಗಿತು. ಕಾಫಿಗಿಟ್ಟ ಹಾಲು ಒಡೆಯಿತು. ಮಾವನಿಗೆ ರಕ್ತದೊತ್ತಡ. ಅವರು ತಟ್ಟೆ ತಳ್ಳಿ, ನನ್ನ ಕಡೆ ನೋಡದೆ, ಗೋಡೆಯ ಮೇಲಿದ್ದ ತಮ್ಮ ತಾಯಿಯ ಫೋಟೋಗೆ ಹೇಳಿದರು: “ಇನ್ನೊಂದ್ ವರ್ಷ್‌ದಲ್ಲಿ ನಾನೂ ನಿನ್ ಪಕ್ಕ ಬತ್ತೀನವ್ವ. ಮೊಳೆ ಒಡ್ಸಿ ಮಡುಗು.” ನನ್ನ ಗಂಡ ಚಪ್ಪಲಿ ಮೆಟ್ಟಿ ಪರೋಟ ಅಂಗಡಿಗೆ ಹೋಗುತ್ತಿದ್ದ.

ಆಗ ಅತ್ತೆ ಒಂದು ಕಾನೂನು ಮಾಡಿದರು. ಕೆಟ್ಟ ಅಡುಗೆಯನ್ನು ಚೆಲ್ಲುವಂತಿಲ್ಲ, ಮಾಡಿದವಳೇ ತಿಂದು ಮುಗಿಸಬೇಕು. ಮುಗಿಸುವ ತನಕ ಬಾಗಿಲ ಹತ್ತಿರ ಕುಕ್ಕರುಗಾಲಲ್ಲಿ ಕುಳಿತು ನೋಡುತ್ತಿದ್ದರು. ಅವರಿಗೆ ಹೋಟೆಲಿನಿಂದ ಇಡ್ಲಿ ಬರುತ್ತಿತ್ತು. ನಾನು ತಿಂದು, ಬಾಯಾರಿ, ಟ್ಯಾಂಕಿ ನೀರು ಕುಡಿಯುತ್ತಿದ್ದೆ. ನೀರೂ ಉಪ್ಪೆನಿಸುತ್ತಿತ್ತು. ತಿಂದದ್ದರಿಂದ ನಾಲಿಗೆಗೆ ಹಾಗಾಗಿದೆ ಅಂದುಕೊಂಡೆ.

ವೈಗಾಸಿ ತಿಂಗಳಲ್ಲಿ ಉಪ್ಪಿನ ಜಾಡಿ ದೇವರ ಗೂಡಿಗೆ ಹೋಯಿತು. ಅತ್ತೆಯೇ ಬಂದು ಚಿಟಿಕೆಯಲ್ಲಿ ಹಾಕುವರು. ಅವರೇ ಹಾಕಿದ ರಸವೂ ಉಪ್ಪಾದಾಗ ನನ್ನ ಗಲ್ಲ ಹಿಡಿದೆತ್ತಿದರು.

“ನಾ ಬರಾಕ್ ಮುಂಚೆನೇ ಆಕಿದ್ದೆ ತಾನೇ? ಎಲ್ ಬಚ್ಚಿಟ್ಟಿದೀಯ ಉಪ್ನ? ಸೀರೆಲಾ?”

“ಇಲ್ಲ ಅತ್ತೆ. ನಾನು ಆಕ್ನೇ ಇಲ್ಲ.”

“ಅಂಗಾದ್ರೆ ಗುಡಿ ಮುನಿಯಪ್ಪ ದೇವ್ರು ಬಂದು ಆಕ್ದ್ನಾ?”

ಸೆರಗು ಕೊಡವಿಸಿ ನೋಡಿದರು. ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತಿದ್ದಳು. ಅವಳಿಗೆ ಅತ್ತೆ ಮೊದಲು ನನ್ನ ವಿಷಯ ಹೇಳಿ, ಆಮೇಲೆ ನಲ್ಲಿಯ ವಿಷಯ ಹೇಳಿದರು. “ನಮ್ ಯಜಮಾನ್ರು ಮಿಕ್ಸರ್ ಆಕಿದ್ಮೇಲೆ ಕಾವೇರಿ ನೀರು ಕಾಲಿನೇ ಆಗಲ್ಲ, ಗೊತ್ತಾ? ಬೀದೀಲಿ ಎಲ್ರೂ ಕೊಡ ಇಡ್ಕೊಂಡು ಅಲೀತವ್ರೆ. ನಮ್ ಟ್ಯಾಂಕಿ ತುಂಬಿದಂಗೇ ಐತೆ.”

ದಿನಕ್ಕೆಷ್ಟು ಕೊಡ ತರುತ್ತೇನೆಂದು ಬರೆದಿಡುವವಳು ನಾನು. ಮಲೆಯಲ್ಲಿ ನೀರು ಹೊರುವವರಿಗೆ ಅದು ಅಭ್ಯಾಸ. ಹತ್ತು ದಿನದಿಂದ ಬೀದಿ ಕೊಳಾಯಿ ಬಂದಿರಲಿಲ್ಲ. ನಾನು ದಿನಾ ಕೊಡ ತುಂಬುತ್ತಲೇ ಇದ್ದೆ. ತುಂಬಿದಷ್ಟು ಕಡಿಮೆಯಾಗಬೇಕಿತ್ತಲ್ಲ? ಅವತ್ತು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಹಿತ್ತಲಿಗೆ ಹೋಗಿ ನೋಡಿದೆ. ಸಣ್ಣ ಟ್ಯಾಂಕು ತುಂಬಿ, ಅಂಚಿನ ಪೈಪಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಏಣಿ ಹತ್ತಿ ಬೆರಳದ್ದಿ ನೆಕ್ಕಿದೆ. ಉಪ್ಪು.

ಇಳಿದು ಬಂದು ಅಡುಗೆಮನೆಯ ಕೆಂಪು ತಿರುಪು ಮುಚ್ಚಿದೆ. ಸ್ವಲ್ಪ ಹೊತ್ತಿಗೆ ತೊಟ್ಟಿಕ್ಕುವುದು ನಿಂತಿತು. ತೆರೆದೆ. ಮತ್ತೆ ಶುರುವಾಯಿತು. ಮೂತಿಯ ಗುಂಡಿ ಬಂದಾಗಿದ್ದು ಎರಡು ತಿರುಪೂ ತೆರೆದಿದ್ದರೆ ಉಪ್ಪುನೀರಿಗೆ ಹೊರಗೆ ದಾರಿಯಿಲ್ಲ. ತಾರಸಿಯ ಎತ್ತರದಿಂದ ಇಳಿದದ್ದು ನಲ್ಲಿಯ ಹೊಟ್ಟೆಯಲ್ಲೇ ಹಾದು, ತಗ್ಗಿನಲ್ಲಿರುವ ಕಾವೇರಿ ಟ್ಯಾಂಕಿಗೆ ಏರುತ್ತಿತ್ತು. ಹಗಲೂ ರಾತ್ರಿಯೂ. ಕ್ಯಾನ್ ನೀರು ಕುಡಿಯುವ ಮೂವರಿಗೆ ಅದು ತಿಳಿಯುವ ದಾರಿಯೇ ಇರಲಿಲ್ಲ. ಆ ನೀರನ್ನು ನೀರಾಗಿಯೇ ಕುಡಿಯುತ್ತಿದ್ದವಳು ನಾನೊಬ್ಬಳು.

ಮಾವ ಎದ್ದ ಮೇಲೆ, ಕಾಫಿ ಕೊಟ್ಟು, ನಿಧಾನವಾಗಿ ಹೇಳಿದೆ.

“ಓ,” ಎಂದರು. “ನೀನ್ ಓದಿರೋ ಬಿಕಾಂನಲ್ಲಿ ಪ್ಲಂಬಿಂಗೂ ಐತಾ?” ಒಳಗೆ ಕೂಗಿದರು. “ಕೇಳಿದ್ಯೇನೇ? ನಿನ್ ಸೊಸೆ ಸಾರ್ಗೆ ಉಪ್ಪು ಆಕೋದು ನನ್ ನಲ್ಲಿಯಂತೆ!”

ಅತ್ತೆ ಬಂದರು. ನಲ್ಲಿಯ ಮೇಲಿನ ಕುಂಕುಮ ತೋರಿಸಿ, “ಪೂಜೆ ಮಾಡಿ ಮಡಗಿರೋದ್ ಮೇಲೆ ತಪ್ಪು ಒರ್ಸ್ತೀಯಲ್ಲ, ಬಾಯಿ ತೊಳ್ಕೊ,” ಎಂದರು. ಮಾತಿಗಲ್ಲ, ನಿಜವಾಗಿಯೂ ತೊಳೆಸಿದರು. ಅದೇ ನಲ್ಲಿಯಲ್ಲಿ. ಆಮೇಲೆ ಕೆಂಪು ತಿರುಪು ಮುಚ್ಚಿದ್ದು ಕಂಡರೆ, “ವಾಷರ್ ತೇಯ್ಸ್ತಾವ್ಳೆ ನೋಡ್ರೀ” ಎಂದು ಮಾವನನ್ನು ಕೂಗುತ್ತಿದ್ದರು. ಮಾವ ಬಂದು ತೆರೆದು ಹೋಗುತ್ತಿದ್ದರು.

ಟ್ಯಾಂಕಿಯ ನೀರನ್ನು ತಟ್ಟೆಗೆ ಹಾಕಿ ಬಿಸಿಲಿಗಿಟ್ಟು, ತಳದಲ್ಲಿ ಉಳಿದ ಬಿಳಿ ಪುಡಿಯನ್ನು ಗಂಡನಿಗೆ ತೋರಿಸಿದೆ. ಅವನು ಮಿಲ್ಲಿನಲ್ಲಿ ಮೇಲ್ವಿಚಾರಕ, ಪೈಪು ಪ್ರೆಶರ್ ಎಲ್ಲ ಗೊತ್ತಿರುವವನು. ತಟ್ಟೆ ನೋಡಿದ, ಅಡುಗೆಮನೆಗೆ ಹೋಗಿ ತಿರುಪು ನೋಡಿದ, ಅಷ್ಟರಲ್ಲೇ ಅವನಿಗೆ ತಿಳಿಯಿತು. ಮುಖದಲ್ಲಿ ಕಂಡಿತು.

“ಸರಿ,” ಎಂದ. “ಆದ್ರೆ ಅಪ್ಪನ್ಗೆ ಏಳೋಕ್ ಆಗಲ್ಲ. ಕೈಯಾರ ಆಕಿರೋದು. ಮನಸ್ಗೆ ಕಷ್ಟ ಆಯ್ತದೆ.”

“ನಂಗೆ?”

“ನೀನ್ ವಸಿ ಅಡ್ಜಸ್ಟ್ ಮಾಡ್ಕೊ. ಆಡಿಗೆ ಊರ್ಗೆ ಓಯ್ತೀಯಲ್ಲ.”

ಆಡಿ ತಿಂಗಳಲ್ಲಿ ಹೊಸ ಮದುಮಗಳನ್ನು ತವರಿಗೆ ಕಳಿಸುವುದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ನಡೆಯುವುದು. ಆ ದಿನಕ್ಕಾಗಿಯೇ ನಾನು ಉಪ್ಪು ತಿನ್ನುತ್ತಿದ್ದೆ. ಅದು ಅತ್ತೆಗೂ ಗೊತ್ತಿತ್ತು. ಆನಿ ತಿಂಗಳು ಮುಗಿಯುವ ವಾರ, ಅಪ್ಪ ಬರುವ ದಿನ ಗೊತ್ತಾದ ಮೇಲೆ ಹೇಳಿದರು:

“ನಿಮ್ಮಪ್ಪನ್ ಅಡುಗೆ ನೀನೇ ಮಾಡು. ನೆಟ್ಗಾದ್ರೆ ಕಳಿಸ್ತೀನಿ. ಕೆಟ್ರೆ ಅವ್ರ್ ಕೈಲೇ ತಿನ್ಸಿ, ಒಬ್ರನ್ನೇ ಬಸ್ ಅತ್ತಿಸ್ತೀನಿ. ಎಂತೋಳ್ನ ಎತ್ತವ್ರೆ ಅಂತ ಗೊತ್ತಾಗ್ಲಿ.”

ಅಪ್ಪ ಬಂದರು. ಹಣ್ಣು, ಸೀರೆ, ಅಳಿಯನಿಗೆ ಪಂಚೆ, ಒಂದು ಚೀಲ ರಾಗಿ. ಅತ್ತೆ ಹಜಾರದಲ್ಲಿ ಸೀರೆಯ ಅಂಚು ಎಳೆದೆಳೆದು ನೋಡುತ್ತಿದ್ದಾಗ ನಾನು ಅಡುಗೆಮನೆಯಲ್ಲಿ ಕ್ಯಾನ್ ಬಗ್ಗಿಸಿದೆ. ಬೇಳೆಗೆ, ಅಕ್ಕಿಗೆ, ರಸಕ್ಕೆ, ಪಾಯಸಕ್ಕೆ, ಎಲ್ಲಕ್ಕೂ ಕ್ಯಾನ್ ನೀರು. ಬೇಳೆ ಬೆಣ್ಣೆಯಂತೆ ಬೆಂದಿತು. ಅತ್ತೆ ಬಂದು ಚಿಟಿಕೆಯಲ್ಲಿ ಉಪ್ಪು ಹಾಕಿ ಹೋದರು.

ಎಲೆ ಹಾಕಿದೆ. ಅಪ್ಪನಿಗೆ ಅತ್ತೆಯೇ ಲೋಟ ಇಟ್ಟರು, ಟ್ಯಾಂಕಿ ನೀರು. ಅಪ್ಪ ಒಂದು ಗುಟುಕು ಕುಡಿದು, ಒಂದು ಕ್ಷಣ ನಿಲ್ಲಿಸಿ, ಪೂರ್ತಿ ಕುಡಿದರು.

“ಇನ್ನೊಂದ್ ಲೋಟ ಬೇಕಾ ಬೀಗ್ರೇ?”

“ಬೇಡಮ್ಮಾ. ಒಳ್ಳೆ ನೀರು. ಸಾಕು.”

ಅತ್ತೆ ಸಾಂಬಾರನ್ನು ಅಂಗೈಗೆ ಹಾಕಿಕೊಂಡು ನೆಕ್ಕಿದರು. ಮತ್ತೊಮ್ಮೆ ನೆಕ್ಕಿದರು. ಮಾವ ಅನ್ನ ಕಲಸಿ ಬಾಯಿಗಿಟ್ಟು ತಲೆಯೆತ್ತಿದರು. ಈಗ ಗೆದ್ದೆ ಅಂತ ನನಗನಿಸಿದ್ದು ಆ ಒಂದು ನಿಮಿಷ.

“ಅಂದ್ರೆ,” ಎಂದರು ಅತ್ತೆ, “ಬರ್ತಿತ್ತು.”

ಯಾರಿಗೂ ಅರ್ಥವಾಗಲಿಲ್ಲ.

“ಇವ್ಳ್ಗೆ ಅಡುಗೆ ಬರ್ತಿತ್ತು ಅಂತ ಏಳ್ತಾ ಇವ್ನಿ. ನೋಡಿದ್ರಾ ಬೀಗ್ರೇ? ಮೂರ್ ತಿಂಗ್ಳು ನಮ್ಗೆ ಉಪ್ಪು ತಿನ್ಸಿದ್ಳು. ಬಿಪಿ ಇರೋ ಮನುಸುನ್ಗೆ! ಅಪ್ಪ ಬಂದ್ರು ಅಂದ್ ತಕ್ಷಣ ಕೈ ನೆಟ್ಗಾಯ್ತು. ಬರ್ದೆ ಇದ್ದೋಳ್ನ ಕಲಿಸ್ಬೌದು. ಬೇಕೂಂತ ಮಾಡೋಳ್ನ ಏನ್ ಮಾಡೋದು?”

“ಅತ್ತೆ, ಕ್ಯಾನ್ ನೀರಲ್ಲಿ ಮಾಡ್ದೆ. ಅದಕ್ಕೆ...”

“ಕದ್ದು ಬೇರೆ!” ಅವರು ಕೈ ತಟ್ಟಿದರು. “ಕೇಳ್ಕೊಳ್ಳಿ, ಬಾಯಾರೆ ಒಪ್ಕೊಂಡ್ಳು.”

ನಾನು ಗಂಡನ ಕಡೆ ನೋಡಿದೆ. ಒಂದೇ ಒಂದು ಮಾತು ಅವನ ಬಾಯಲ್ಲಿತ್ತು. ಅವನು ಅದರ ಮೇಲೆ ಹಪ್ಪಳ ಮುರಿದು ಹಾಕಿಕೊಂಡು ಅಗಿದ. ಎರಡನೇ ಸಲ ಅನ್ನ ಬಡಿಸಿಕೊಂಡ.

ಅಪ್ಪ ಎಲೆ ಮಡಿಸಿ ಎದ್ದರು. ಕೈ ಮುಗಿದು, “ತಾಯಿಲ್ದ್ ಮಗ. ಬುದ್ಧಿ ಏಳಿ ಕಳಿಸ್ತೀನಿ,” ಎಂದರು. ಅತ್ತೆ ನನ್ನನ್ನು ಕಳಿಸಿದರು. ಆಡಿಗೆ ಅಳಿಯನೂ ಜೊತೆಗೆ ಬರಬೇಕಿತ್ತು. “ಅವನ್ ಬರಾಕಿಲ್ಲ. ಇವ್ಳ್ನ ಮೊದ್ಲು ತಿದ್ದಿ. ಅಲ್ಲಿಗಂಟ ಅಲ್ಲೇ ಇರ್ಲಿ,” ಎಂದರು.

ಹೊರಡುವಾಗ ಕೊನೆಯ ಪಾತ್ರೆಗಳನ್ನು ನಾನೇ ತೊಳೆದೆ. ಎರಡು ತಿರುಪೂ ಪೂರ್ತಿ ತೆರೆದು, ಬೆರಕೆ ನೀರಲ್ಲಿ ಜಾಲಿಸಿ, ಗುಂಡಿ ಬಿಟ್ಟು ಬಂದೆ. ಮಾವ ಹೇಳಿಕೊಟ್ಟ ಹಾಗೆಯೇ.

ಬಸ್ಸು ಮೇಟ್ಟೂರು ದಾಟಿತು. ಅಪ್ಪ ಕಿಟಕಿ ನೋಡಿಕೊಂಡೇ ಕೇಳಿದರು. “ಯಾಕವ್ವ ಇಂಗ್ ಮಾಡ್ದೆ?”

ನಲ್ಲಿಯಿಂದ ಹಿಡಿದು ಎಲ್ಲ ಹೇಳಿದೆ.

“ನೀರು ಉಪ್ಪಾಗಿತ್ತು,” ಎಂದರು. “ನಂಗೂ ಗೊತ್ತಾಯ್ತು. ಬೀಗ್ರ ಮನೇಲಿ ಕೂತ್ಕೊಂಡು ನೀರ್ ಚೆನ್ನಾಗಿಲ್ಲ ಅಂತ ಎಂಗ್ ಏಳೋದು ಮಗಾ?”

ಅಲ್ಲಿಗೆ, ಗೊತ್ತಿದ್ದೂ ಹೇಳದವರು ಇಬ್ಬರಾದರು. ಕೊಳತ್ತೂರಿನಲ್ಲಿ ಇಳಿದು ಮಲೆ ಹತ್ತುವಾಗ ಅಪ್ಪ ನನ್ನ ಚೀಲ ಹೊತ್ತು ಹಿಂದೆಯೇ ಬಂದರು. ನಾನು ನಿಲ್ಲಲಿಲ್ಲ. ಹಳ್ಳದ ಹತ್ತಿರ ಮಾತ್ರ ನಿಂತು, ಬಗ್ಗಿ, ಹೊಟ್ಟೆ ನೋಯುವಷ್ಟು ಕುಡಿದೆ.

ಆಡಿ ಮೂರನೇ ವಾರದಿಂದ ಗಂಡನ ಫೋನ್ ಶುರುವಾಯಿತು. ಅಡುಗೆ ಈಗ ಅತ್ತೆಯದು. ಸಾರು ಉಪ್ಪು, ಬೇಳೆ ಬೇಯುವುದಿಲ್ಲ. ಹೋಗುವಾಗ ನಾನು ಒಲೆಗೆ ಏನೋ ಮಾಟ ಮಾಡಿಸಿಟ್ಟು ಹೋಗಿದ್ದೇನೆಂದು ಅತ್ತೆ ನಿಂಬೆಹಣ್ಣು ಕಟ್ಟಿಸಿದ್ದಾರೆ. ಮಾವನಿಗೆ ಡಾಕ್ಟರು ಮಾತ್ರೆ ಜಾಸ್ತಿ ಮಾಡಿದ್ದಾರೆ.

“ನಿಮ್ಮಪ್ಪನ್ಗೆ ನಲ್ಲಿ ವಿಷ್ಯ ಏಳಿದ್ರಾ?” ಎಂದೆ.

“ಇಲ್ಲ.”

“ಏಳಿದ್ ದಿವ್ಸ ಬಂದು ಕರ್ಕೊಂಡೋಗಿ.”

ಆಡಿ ಮುಗಿದು ಆವಣಿಯೂ ಮುಗಿಯುತ್ತಾ ಬಂದಿದೆ. ಅವನು ಹೇಳಿಲ್ಲ, ಕರೆದುಕೊಂಡು ಹೋಗಲು ಬಂದಿಲ್ಲ. ತಿರುಪನ್ನಾದರೂ ಮುಚ್ಚಬಹುದಿತ್ತು, ಅದೂ ಮಾಡಿಲ್ಲ. ಮಾವ ನೋಡಿದರೆ ಯಾಕೆ ಅಂತ ಕೇಳುತ್ತಾರಲ್ಲ. ನಿನ್ನೆ ಮತ್ತೆ ಫೋನ್ ಮಾಡಿದ. ಹಿಂದೆ ಅತ್ತೆಯ ದನಿ ಕೇಳಿಸುತ್ತಿತ್ತು.

“ಅವತ್ತು ನಿಮ್ಮಪ್ಪ ಬಂದಾಗ ಮಾಡಿದ್ಯಲ್ಲ, ಆ ಸಾಂಬಾರ್ಗೆ ಉಪ್ಪು ಎಷ್ಟು ಆಕ್ದೆ ಅಂತ ಅಮ್ಮ ಕೇಳ್ತಾವ್ರೆ.”

“ನಿಮ್ಮಮ್ಮ ಎಷ್ಟ್ ಆಕಿದ್ರೋ ಅಷ್ಟೇ,” ಎಂದೆ. “ಈಗ್ಲೂ ಅಷ್ಟೇ ಆಕೋಕೇಳಿ. ನೀರು ಮಾತ್ರ ಟ್ಯಾಂಕಿದೇ ಆಗ್ಬೇಕು. ಕ್ಯಾನ್ ನೀರು ಕದೀಬಾರ್ದು.”

ಅವನು ಅದನ್ನು ಹಾಗೇ ಅಮ್ಮನಿಗೆ ಹೇಳುವುದು ಕೇಳಿಸಿತು. ಕ್ಯಾನಿನ ಕೊನೆಯ ಮಾತೊಂದನ್ನು ಬಿಟ್ಟು.